ವಿಧವೆಯ ಪಾತ್ರಕ್ಕೊಬ್ಬಳು ಬೇಕಾಗಿದ್ದಾಳೆ

ಮುಂಬಯಿಯ ಬಿಲ್ಡಿಂಗುಗಳಲ್ಲಿ ಒಂದು ಮನೆಯ ಬಾಗಿಲ ಮುಂದೆ ಬೆಳಗಿನ ಹೊತ್ತು ಚಪ್ಪಲಿಗಳ ರಾಶಿ ಬಿದ್ದಿದ್ದರೆ ಅದಕ್ಕೆ ಅರ್ಥ ಎರಡೇ: ಒಳಗೆ ಸತ್ಯನಾರಾಯಣ ಪೂಜೆ ನಡೆದಿರಬೇಕು, ಇಲ್ಲವೆ ಯಾರೋ ತೀರಿಹೋಗಿರಬೇಕು. ಹೋದ ಚಳಿಗಾಲದ ಒಂದು ಭಾನುವಾರ ಭಾಂಡುಪಿನ ನಮ್ಮ ಮನೆಯ ಮುಂದೆ ಅಂಥದೊಂದು ರಾಶಿ ಬಿದ್ದಿತ್ತು. ಕೆಳಗಿನ ಮಜಲಿನ ಹಿರಿಯರೊಬ್ಬರು ಊದಿನಕಡ್ಡಿಯ ಪರಿಮಳ ಬರುತ್ತಿಲ್ಲವೆಂಬ ಒಂದೇ ಸಾಕ್ಷ್ಯದ ಮೇಲೆ ಎರಡನೆಯ ಅರ್ಥವನ್ನು ಖಚಿತ ಮಾಡಿಕೊಂಡು, ಬಿಳಿಯ ಅಂಗಿ ತೊಟ್ಟು, ಮುಖವನ್ನು ಸಂದರ್ಭಕ್ಕೆ ತಕ್ಕಷ್ಟು ಇಳಿಬಿಟ್ಟುಕೊಂಡು ಮೇಲೆ ಬಂದರು. ಬಾಗಿಲು ತೆರೆದವನು ನಾನೇ ಆದ್ದರಿಂದ ಅವರ ಅರ್ಧ ದುಃಖ ಹೊಸ್ತಿಲಲ್ಲೇ ಕರಗಿತು. ಯಾರೂ ಹೋಗಿಲ್ಲ ದಾದಾ, ಗಂಡ ತೀರಿಹೋದ ಒಬ್ಬ ಹೆಂಗಸನ್ನು ಹುಡುಕುತ್ತಿದ್ದೇವೆ ಅಷ್ಟೆ ಎಂದು ನಾನು ಮರಾಠಿಯಲ್ಲಿ ಸಮಾಧಾನ ಹೇಳಿದೆ. ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, ನನ್ನ ಹೆಂಡತಿ ಶಾಂತಾ ಚಹಾದ ಟ್ರೇ ಹಿಡಿದು ನಡೆದಾಡುತ್ತಿರುವುದನ್ನು ಕಂಡು, ಮತ್ತಷ್ಟು ಗೊಂದಲಗೊಂಡು ಮೆಟ್ಟಿಲಿಳಿದರು.

ಚಪ್ಪಲಿ ನೋಡಿ ಮನುಷ್ಯರನ್ನು ಅಳೆಯುವುದು ನನ್ನ ಹಳೆಯ ಚಟ. ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿದ್ದರೆ ಆತ ಅವಸರದವನು, ಅವನೊಡನೆ ವ್ಯವಹಾರವನ್ನು ಆದಷ್ಟು ಎಳೆಯಬೇಕು. ಪಟ್ಟಿಗೆ ಹೊಲಿಗೆ ಹಾಕಿಸಿಕೊಂಡಿದ್ದರೆ ಆತ ಗಟ್ಟಿ ಆಸಾಮಿ, ಅವನ ಮುಂದೆ ಮೊದಲ ಮಾತು ನೀವು ಆಡಬಾರದು. ಇದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ವಿಜಯಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು, ಬೈಕುಲ್ಲಾದ ಒಂದು ಬಡಿಗರ ಕಾರ್ಖಾನೆಯಲ್ಲಿ ಹಲಗೆ ಹೊತ್ತು, ಕಡೆಗೆ ಅದೇ ಗಲ್ಲಿಯಲ್ಲಿ ಸ್ವಂತದ ಮಳಿಗೆ, ಇಲ್ಲಿನವರ ಬಾಯಲ್ಲಿ ಗಾಳಾ, ಹಿಡಿದವನು ನಾನು. ಕೆಡವಲಿಕ್ಕೆಂದು ಖಾಲಿ ಮಾಡಿಸಿದ ಚಾಳುಗಳ, ಎಂದರೆ ಹಳೆಯ ವಠಾರಗಳ, ಬಾಗಿಲು, ಕಿಟಕಿ, ಚೌಕಟ್ಟುಗಳನ್ನು ಕೊಂಡು ಮಾರುವುದು ನನ್ನ ದಂಧೆ. ಈ ಊರಿನಲ್ಲಿ ಒಂದು ಕಡೆ ಜನ ಹಳೆಯ ಬಾಗಿಲು ಎಸೆಯುತ್ತಾರೆ, ಇನ್ನೊಂದು ಕಡೆ ಹಳೆಯ ಬಾಗಿಲಿಗಾಗಿ ಜೀವ ಬಿಡುತ್ತಾರೆ. ಇಬ್ಬರ ನಡುವೆ ನಿಂತು ಎರಡೂ ಕಡೆ ತಲೆಯಾಡಿಸುವವನಿಗೆ ಅನ್ನಕ್ಕೆ ಕೊರತೆಯಿಲ್ಲ. ನಿಮಗೂ ಒಂದು ಮಾತು ಹೇಳಿಡುತ್ತೇನೆ, ಉಪಯೋಗಕ್ಕೆ ಬಂದೀತು: ಬಾಗಿಲು ಕೊಳ್ಳುವಾಗ ಬಣ್ಣ ನೋಡಬೇಡಿ, ಚಿಲಕ ನೋಡಬೇಡಿ, ಹಿಂದಿನ ಮಗ್ಗುಲಿಗೆ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಸಾಗವಾನಿಯ ಸದ್ದೇ ಬೇರೆ. ಜನರ ವಿಷಯದಲ್ಲೂ ಇದೇ ನ್ಯಾಯವೆಂದು ನಾನು ತಿಳಿದಿದ್ದೆ.

ಈ ತಿಳುವಳಿಕೆಯನ್ನು ನಂಬಿಯೇ ನನ್ನ ತಂಗಿಯ ಮಗಳು ಸಾನಿಕಾ ನನ್ನ ಹತ್ತಿರ ಬಂದದ್ದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಗೋರೆಗಾಂವಿನ ಯಾವುದೋ ಆಫೀಸಿನಲ್ಲಿ ಕೂತು ದಿನವಿಡೀ ಸೋಪು ಶಾಂಪೂಗಳ ಜಾಹೀರಾತುಗಳನ್ನು ಕತ್ತರಿಸಿ ಜೋಡಿಸುತ್ತಾಳೆ. ಕನ್ನಡ ತಿಳಿಯುತ್ತದೆ, ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಬಂದು ಕೈಹಿಡಿದು ಕರೆದೊಯ್ಯುತ್ತದೆ. ಅಂಥವಳಿಗೆ ಒಂದು ಕಿರುಚಿತ್ರ ಮಾಡಬೇಕು, ಅದನ್ನು ಅವಳ ಅಜ್ಜಿಯ, ಎಂದರೆ ನನ್ನ ಅವ್ವನ, ಕನ್ನಡದಲ್ಲೇ ಮಾಡಬೇಕು ಎಂಬ ಹಟ ಹತ್ತಿತ್ತು. ಕತೆಯನ್ನು ನನಗೆ ಹೇಳಿದಾಗ ಇದರಲ್ಲಿ ಕತೆಯೆಲ್ಲಿದೆ ಎಂದು ನಾನು ಹುಡುಕಾಡಿದೆ. ಒಬ್ಬಾಕೆಯ ಗಂಡ ತೀರಿಹೋಗಿದ್ದಾನೆ. ಬಂದ ನೆಂಟರೆಲ್ಲ ಹೋಗಿಬಿಟ್ಟಿದ್ದಾರೆ. ಚಾಳಿನ ಒಂಟಿ ಕೋಣೆಯ ಖೋಲಿಯಲ್ಲಿ ಆಕೆ ಮೊದಲ ಸಲ ತನ್ನೊಬ್ಬಳಿಗಾಗಿ ಅಡುಗೆ ಮಾಡಿಕೊಳ್ಳಲು ಎದ್ದು ನಿಲ್ಲುತ್ತಾಳೆ. ತನಗೆ ಏನು ತಿನ್ನಬೇಕೆನಿಸಿದೆಯೆಂದು ತನಗೇ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಮುತ್ತೈದೆ ಬಂದು ಎರಡು ಮಾತಾಡಿ ಹೋಗುತ್ತಾಳೆ. ಇಷ್ಟೇ. ನಟರಿಗೆ ಕೊಡಲು ಹಣವಿಲ್ಲ. ಊಟ, ಚಹಾ, ಹೋಗಿಬರುವ ಟಿಕೇಟು, ಪರದೆಯ ಮೇಲೆ ಹೆಸರು. ಕ್ಯಾಮೆರಾ ಗೆಳತಿಯೊಬ್ಬಳದು.

ಜಾಗ ಮಾತ್ರ ನಾನು ಕೊಡಿಸಿದೆ. ಬೈಕುಲ್ಲಾದಲ್ಲಿ ಕೆಡವಲಿಕ್ಕೆ ನಿಂತ ಒಂದು ಚಾಳಿನ ಬಾಗಿಲುಗಳು ಆಗಷ್ಟೇ ನನ್ನ ಪಾಲಿಗೆ ಬಂದಿದ್ದವು. ಒಂದು ಖೋಲಿಯಲ್ಲಿ ಒಲೆಕಟ್ಟೆ, ಗೋಡೆಗನ್ನಡಿ, ಪಾತ್ರೆಯ ಹಲಗೆ ಎಲ್ಲವೂ ಬಿಟ್ಟುಹೋದವರ ಉಸಿರಿನೊಂದಿಗೆ ಹಾಗೇ ಇದ್ದವು. ಮುಂದಿನ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಆ ಖೋಲಿ ನಿನ್ನದು, ಸೋಮವಾರ ನನ್ನ ಜನ ಬಂದು ಚೌಕಟ್ಟು ಕೀಳುತ್ತಾರೆ, ಹಿಂದೆಯೇ ಬಿಲ್ಡರನ ಸುತ್ತಿಗೆ ಬರುತ್ತದೆ ಎಂದು ಸಾನಿಕಾಗೆ ಸ್ಪಷ್ಟ ಹೇಳಿದ್ದೆ. ಅಂದರೆ ಆ ದಿನ ತಪ್ಪಿದರೆ ಚಿತ್ರವೇ ಇಲ್ಲ. ಅಂಥ ಇನ್ನೊಂದು ಖೋಲಿಯನ್ನು ಬಾಡಿಗೆಗೆ ಹಿಡಿಯುವುದಾಗಲಿ ಕಟ್ಟಿಸುವುದಾಗಲಿ ಅವಳ ಸಂಬಳದ ಮಾತಾಗಿರಲಿಲ್ಲ. ಪಕ್ಕದ ಮನೆಯಾಕೆಯ ಪಾತ್ರಕ್ಕೆ ಶಾಂತಾ ಒಪ್ಪಿದ್ದಳು. ಉಳಿದದ್ದು ವಿಧವೆಯ ಪಾತ್ರ. ಅದರ ಹುಡುಕಾಟವೇ ನಮ್ಮ ಬಾಗಿಲ ಮುಂದಿನ ಆ ಚಪ್ಪಲಿಗಳ ರಾಶಿ.

ಬಂದವರೆಲ್ಲ ನಮ್ಮ ಕಡೆಯ ಹೆಣ್ಣುಮಕ್ಕಳು. ಹಾಲಿನ ಸೋಫಾವನ್ನು ಬಾಲ್ಕನಿಗೆ ದೂಡಿ, ಗೋಡೆಯ ಮುಂದೆ ಒಂದು ಸ್ಟೂಲಿಟ್ಟು, ಸಾನಿಕಾ ಒಬ್ಬೊಬ್ಬರನ್ನೇ ಕೂರಿಸಿ ಫೋನಿನಲ್ಲಿ ಚಿತ್ರ ಹಿಡಿದಳು. ಏನು ಹೇಳಲಿ, ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಅತ್ತರು, ಚೆನ್ನಾಗಿ ಸುಮ್ಮನಿದ್ದರು. ಅದರಲ್ಲೂ ಧಾರವಾಡದ ಕಮಲಕ್ಕ, ನಮ್ಮ ಕನ್ನಡ ಸಂಘದ ಪ್ರತಿ ನಾಟಕದಲ್ಲೂ ಮುಖ್ಯ ಪಾತ್ರ ಮಾಡುವ ನಿವೃತ್ತ ಶಿಕ್ಷಕಿ, ಖಾಲಿ ಡಬ್ಬಿಯೊಂದರ ಮುಚ್ಚಳ ತೆಗೆದು ಒಳಗೆ ನೋಡಿದ ರೀತಿಗೆ ಸಾನಿಕಾಳ ಕಣ್ಣು ತುಂಬಿದವು. ಆಯ್ತು, ವ್ಯವಹಾರ ಮುಗಿಯಿತು ಎಂದು ನಾನು ಮನಸ್ಸಿನಲ್ಲೇ ಕೈಕುಲುಕಿದೆ. ಆಗ ಸಾನಿಕಾ ತನ್ನ ಹರಕು ಕನ್ನಡದಲ್ಲಿ, ಶೂಟಿಂಗ್ ದಿನ ಕುಂಕುಮ ಇರುವುದಿಲ್ಲ, ಬಳೆ ಇರುವುದಿಲ್ಲ, ತಾಳಿ ಇರುವುದಿಲ್ಲ ಎಂದಳು. ಹಾಲಿನಲ್ಲಿದ್ದ ಎಲ್ಲ ಹೆಂಗಸರ ಕೈಗಳೂ, ಯಾರೋ ಸೂತ್ರ ಎಳೆದಂತೆ, ಒಮ್ಮೆಲೇ ಕೊರಳಿಗೆ ಹೋದವು.

ಮುಂದಿನದು ಚೌಕಾಶಿ. ಅದು ನನ್ನ ಅಂಗಳ ಎಂದುಕೊಂಡು ನಾನು ಇಳಿದೆ. ತಾಳಿಯನ್ನು ತೆಗೆಯುವುದು ಬೇಡ, ರವಿಕೆಯೊಳಗೆ ಸೇರಿಸಿ ಪಿನ್ನು ಹಾಕಿಕೊಂಡರಾಯಿತು ಎಂದೆ, ಒಪ್ಪಿದರು. ಬಳೆ ತೆಗೆದರೂ ಒಂದು ಕರಿದಾರ ಕಟ್ಟಿಕೊಳ್ಳಬಹುದು ಎಂದೆ, ಗೊಣಗುತ್ತ ಒಪ್ಪಿದರು. ಕುಂಕುಮದ ಮಾತಿಗೆ ಬಂದಾಗ ಮಾತ್ರ ಗಾಡಿ ಅಲ್ಲೇ ನಿಂತಿತು. ಬರೇ ನಟನೆ ತಾನೇ, ಸಂಜೆಗೆ ಮತ್ತೆ ಹಚ್ಚಿಕೊಂಡರಾಯಿತು ಎಂದು ನಾನು ಎಲ್ಲರಿಗೂ ಬಗೆಬಗೆಯಲ್ಲಿ ಹೇಳಿದೆ. ಕಂಪ್ಯೂಟರಿನಲ್ಲಿ ಅಳಿಸಬಹುದು ಎಂದು ಸಾನಿಕಾ ಸೂಚಿಸಿದಳು. ಕಂಪ್ಯೂಟರಿನಲ್ಲಿ ಅಳಿಸಿದರೂ ಅಳಿಸಿದಂತೆಯೇ ಅಲ್ಲವೇ ಎಂದು ಒಬ್ಬಾಕೆ ಕೇಳಿದಳು. ಕಮಲಕ್ಕನ ಜೊತೆಗೆ ಬಂದು ಬಾಲ್ಕನಿಯ ಸೋಫಾದಲ್ಲಿ ಪೇಪರ್ ಓದುತ್ತಿದ್ದ ಅವರ ಯಜಮಾನರ ಅನುಮತಿ ಕೇಳಿದೆ. ತಾನು ವಿಚಾರವಂತ, ಇದೆಲ್ಲ ಮೂಢನಂಬಿಕೆ, ತನ್ನ ಅಭ್ಯಂತರ ಏನೇನೂ ಇಲ್ಲ ಎಂದು ಗಂಭೀರವಾಗಿ ಘೋಷಿಸಿದರು, ಆಮೇಲೆ ಪೇಪರಿನ ಹಿಂದಿನಿಂದಲೇ, ಆದರೆ ಮುಂದಿನ ವಾರ ತನ್ನ ಹೃದಯದ ರಿಪೋರ್ಟು ಬರುವುದಿದೆ, ಅದು ಬಂದ ಮೇಲೆ ಇಟ್ಟುಕೊಂಡರೆ ಹೇಗೆ ಎಂದರು.

ಕಮಲಕ್ಕ ಎದ್ದು ಸೆರಗು ಸರಿಮಾಡಿಕೊಂಡರು. "ನೋಡ್ರಿ, ನನಗ ಸಾಯೋ ಪಾರ್ಟ್ ಕೊಡ್ರಿ, ಚಂದಂಗ ಸತ್ತು ತೋರಸ್ತೀನಿ. ಅಲ್ಲಿ ಕೂತು ಪೇಪರ್ ಓದ್ಲಿಕತ್ತವರನ್ನ ಸಾಯಸೋ ಪಾರ್ಟ್ ಮಾತ್ರ ಬ್ಯಾಡ್ರಿ."

ಅಂದು ಮಧ್ಯಾಹ್ನ ಚಪ್ಪಲಿಗಳು ಒಂದೊಂದೇ ಜೋಡಿಯಾಗಿ ಕರಗಿಹೋದವು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಜೀವನದಲ್ಲಿ ನಾನು ಅನೇಕ ಗಟ್ಟಿ ಆಸಾಮಿಗಳನ್ನು ಬಗ್ಗಿಸಿದ್ದೇನೆ. ಬೆರಳಿನ ತುದಿಯಷ್ಟು ಕೆಂಪು ಪುಡಿಯ ಮುಂದೆ ಹೀಗೆ ಬರಿಗೈಯಲ್ಲಿ ನಿಂತದ್ದು ಅದೇ ಮೊದಲು. ಸ್ವಲ್ಪ ಯೋಚಿಸಿ ನೋಡಿ. ಇದೇ ಹೆಂಗಸರು ರಂಗದ ಮೇಲೆ ಕೊಲೆ ಮಾಡಿದ್ದಾರೆ, ಮಕ್ಕಳನ್ನು ತೊರೆದಿದ್ದಾರೆ, ಹುಚ್ಚರಾಗಿದ್ದಾರೆ, ದೇವರನ್ನು ಬಾಯಿಗೆ ಬಂದಂತೆ ಬೈದಿದ್ದಾರೆ. ಪರದೆ ಬಿದ್ದ ಮರುಗಳಿಗೆಯಲ್ಲಿ ಬಟಾಟೆವಡೆ ತಿನ್ನುತ್ತ ನಕ್ಕಿದ್ದಾರೆ. ಆ ಪಾಪಗಳಾವುವೂ ಮನೆಗೆ ಹಿಂಬಾಲಿಸಿ ಬರುವುದಿಲ್ಲವೆಂಬ ಭರವಸೆ ಅವರಿಗಿತ್ತು. ಇದೊಂದು ಮಾತ್ರ ಲೋಕಲ್ ಹತ್ತಿ ತಮ್ಮ ಹಿಂದೆಯೇ ಬಂದು ಮನೆಯ ಬೆಲ್ಲು ಒತ್ತೀತೆಂಬ ಭಯ. ನಟನೆಗೂ ಬದುಕಿಗೂ ನಡುವೆ ಗೋಡೆಯಿದೆಯೆಂದು ನಾವೆಲ್ಲ ನಂಬುತ್ತೇವಾದರೂ ಆ ಗೋಡೆಯಲ್ಲಿ ಎಲ್ಲೋ ಒಂದು ಚಿಕ್ಕ ಬಾಗಿಲನ್ನು ತೆರೆದೇ ಇಟ್ಟಿರುತ್ತೇವೆ. ಆ ಬಾಗಿಲು ಎಲ್ಲಿದೆಯೆಂಬುದು ತಟ್ಟಿದ ಮೇಲೆಯೇ ತಿಳಿಯುವುದು. ಹೀಗೆಲ್ಲ ಯೋಚಿಸುತ್ತ ನಾನು ಹಾಲಿನಲ್ಲಿ ಶತಪಥ ತಿರುಗುತ್ತಿದ್ದರೆ, ಒಂದು ಕಡೆ ಕೂತುಕೊಳ್ರಿ, ನನಗ ತಲಿ ತಿರುಗ್ತದ ಎಂದು ಶಾಂತಾ ಅಡುಗೆಮನೆಯಿಂದ ಕೂಗಿದಳು.

ತಿರುಗಾಡುವಾಗಲೇ ನನಗೆ ಉಪಾಯ ಹೊಳೆದದ್ದು. ಚೌಕಟ್ಟಿಗೆ ಸರಿಹೊಂದುವ ಬಾಗಿಲು ಸಿಗದಿದ್ದಾಗ ನಾವು ಬಾಗಿಲನ್ನು ಹೆರೆಯುತ್ತ ಕೂರುವುದಿಲ್ಲ. ಆ ಚೌಕಟ್ಟಿನಲ್ಲೇ ಮೊದಲು ಇದ್ದ ಬಾಗಿಲು ಎಲ್ಲಿ ಹೋಯಿತೆಂದು ಹುಡುಕುತ್ತೇವೆ. ವಿಧವೆಯ ಪಾತ್ರಕ್ಕೆ ವಿಧವೆಯೇ ಬಂದರೆ ಅಳಿಸುವ ಮಾತೇ ಇಲ್ಲವಲ್ಲ. ಇಷ್ಟು ಸುಲಭದ ಲೆಕ್ಕ ಓದಿದ ಹುಡುಗಿಗೆ ಹೊಳೆಯಲಿಲ್ಲವೆಂದು ನನಗೆ ಒಳಗೊಳಗೇ ಹಿಗ್ಗು.

ನಮ್ಮ ಬಿಲ್ಡಿಂಗಿನ ಹಿಂದಿನ ಗುಡ್ಡದ ಜೋಪಡಿ ವಸ್ತಿಯಲ್ಲಿ ಸುಶೀಲಾಬಾಯಿ ಇದ್ದಾಳೆ, ಸಿಂದಗಿಯ ಕಡೆಯವಳು. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಹುಡುಗರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ನಮ್ಮ ಮನೆಗೂ ವಾರಕ್ಕೊಮ್ಮೆ ಆಕೆಯ ರೊಟ್ಟಿಯೇ. ಗಂಡ ಹೋಗಿ ಬಹಳ ವರ್ಷವಾಯಿತು. ಮೈದುನನ ಕುಟುಂಬ ಪಕ್ಕದಲ್ಲೇ ಇರುವುದರಿಂದ ಆಕೆಯ ಸೀರೆಯ ಬಣ್ಣದಿಂದ ಹಿಡಿದು ನಗುವಿನ ಸದ್ದಿನವರೆಗೆ ಎಲ್ಲಕ್ಕೂ ಕಾವಲುಂಟು. ನಾನು ಹೋದಾಗ ಹಂಚಿನ ಮುಂದೆ ಕೂತಿದ್ದಳು. ಸಿನಿಮಾ ಅಂದೆ, ಬಾಯಿಮೇಲೆ ಸೆರಗಿಟ್ಟುಕೊಂಡು ನಕ್ಕಳು. ಒಂದೇ ದಿನದ ಕೆಲಸ, ಜೊತೆಗೆ ಶಾಂತಾ ಇರುತ್ತಾಳೆ, ಕಷ್ಟವೇನೂ ಇಲ್ಲ ಎಂದೆಲ್ಲ ಹೇಳಿದೆ. ಹೊಸಬರಿಂದ ಹೂಂ ಅನ್ನಿಸಿಕೊಳ್ಳುವ ಹದ ನನಗೆ ಗೊತ್ತು: ಪೂರ್ತಿ ವಿವರ ಹೇಳಬಾರದು, ಪ್ರಶ್ನೆ ಕೇಳಿದರೆ ಎಲ್ಲಕ್ಕೂ ಹೌದೆನ್ನಬೇಕು. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ಸಿನಿಮಾದಾಗ ಹೆಂಗ ಬೇಕಾದ್ರೂ ಇರಬೌದೇನ್ರಿ ಅಣ್ಣಾರ? ಯಾರೂ ಏನೂ ಅನ್ನಂಗಿಲ್ಲಾ?"

ಯಾರೇನಂತಾರೆ, ಸಿನಿಮಾ ಅಂದರೆ ಸಿನಿಮಾ ಎಂದೆ. ಆಕೆ ಹೂಂ ಅಂದಳು. ಕೇಳಿದ ಪ್ರಶ್ನೆ ಯಾವುದು, ನಾನು ಉತ್ತರ ಕೊಟ್ಟದ್ದು ಯಾವುದಕ್ಕೆ ಎಂದು ನಿಲ್ಲಿಸಿ ನೋಡುವಷ್ಟು ವ್ಯವಧಾನ ಗೆದ್ದವನಿಗೆಲ್ಲಿರುತ್ತದೆ.

ಆ ಭಾನುವಾರ ಬಂತು. ಬೆಳಿಗ್ಗೆ ನಾನು, ಶಾಂತಾ, ಸಾನಿಕಾ, ಅವಳ ಕ್ಯಾಮೆರಾದ ಗೆಳತಿ ಎಲ್ಲರೂ ಬೈಕುಲ್ಲಾದ ಖೋಲಿ ಸೇರಿದೆವು. ಖಾಲಿ ಚಾಳಿನ ಮೌನ ವಿಚಿತ್ರವಾದದ್ದು. ಅಲ್ಲಿ ಕೆಮ್ಮಿದರೂ ಮೂರು ಮಜಲುಗಳು ತಿರುಗಿ ಕೆಮ್ಮುತ್ತವೆ. ಬೆಳಕು ಕಿಟಕಿಯಿಂದ ಒಲೆಕಟ್ಟೆಗೆ ಬಿದ್ದಿತ್ತು; ಮಧ್ಯಾಹ್ನದ ಮೇಲೆ ಅದು ಗೋಡೆಗೆ ಏರಿಬಿಡುತ್ತದೆ, ಬೇಗ ಬೇಗ ಎಂದು ಸಾನಿಕಾ ಉಗುರು ಕಚ್ಚುತ್ತಿದ್ದಳು. ಆಗ ಮೆಟ್ಟಿಲ ಮೇಲೆ ಬಳೆಗಳ ಸದ್ದಾಯಿತು.

ಸುಶೀಲಾಬಾಯಿ ಬಂದಳು. ಮೈಮೇಲೆ ದಾಳಿಂಬೆ ಬಣ್ಣದ ಇಳಕಲ್ ಸೀರೆ, ಟ್ರಂಕಿನ ಮಡಿಕೆಗಳು ಇನ್ನೂ ಅದರ ಮೇಲೆ ಹಾಗೇ ಮೂಡಿದ್ದವು. ಎರಡೂ ಕೈತುಂಬ ಹಸಿರು ಬಳೆ, ತಲೆಯಲ್ಲಿ ಅಬ್ಬಲಿಗೆ. ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ. ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ಹಚ್ಚಿಕೊಂಡು ಬಂದಳಂತೆ. ಕೈಗೆ ಹಚ್ಚುವ ಅಭ್ಯಾಸ ತಪ್ಪಿಹೋಗಿ ಒಂದು ಅಂಚು ಸ್ವಲ್ಪ ಹುಬ್ಬಿನ ಕಡೆಗೆ ಇಳಿದಿತ್ತು. ಬಾಗಿಲ ಚೌಕಟ್ಟಿನಲ್ಲಿ ನಿಂತು ನಮ್ಮೆಲ್ಲರ ಮುಖಗಳನ್ನು, ಪರೀಕ್ಷೆಯ ಫಲಿತಾಂಶ ನೋಡುವವಳಂತೆ, ಒಂದೊಂದಾಗಿ ನೋಡಿದಳು.

ಸಾನಿಕಾ ನನ್ನ ತೋಳು ಹಿಡಿದು ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಗೆ ಎಳೆದಳು. "ಮಾಮಾ, ಇವರಿಗೆ ರೋಲ್ ಸಮಝಾಯಿಸೀರಿ ನಾ? ಶಾಮ್ ಕೋ ಖೋಲಿ ಜಾತೀ ಹೈ ಮಾಮಾ, ಮೇರಿ ಫಿಲ್ಮ್ ಜಾತೀ ಹೈ." ಸಂಜೆಗೆ ಖೋಲಿ ಹೋದರೆ ತನ್ನ ಚಿತ್ರವೂ ಹೋಯಿತೆಂದು ಅವಳ ಗೋಳು.

ನಾನು ಒಳಗೆ ಹೋಗಿ, ನಯವಾದ ದನಿ ತೆಗೆದು, ಪಾತ್ರ ವಿಧವೆಯದು, ಆದ್ದರಿಂದ ಇದನ್ನೆಲ್ಲ ತೆಗೆದು ದಿನಾ ಇರುವ ಹಾಗೆಯೇ ಇದ್ದರೆ ಸಾಕು ಎಂದು ವಿವರಿಸಿದೆ. ಆಕೆ ಸಿಟ್ಟಾಗಲಿಲ್ಲ, ಅಳಲಿಲ್ಲ. ನನಗೆ ಏನೋ ಅರ್ಥವಾಗಿಲ್ಲವೆಂದು ತಿಳಿದು ನಿಧಾನವಾಗಿ ಬಿಡಿಸಿ ಹೇಳಿದಳು.

"ಅದನ್ನ ನಾ ಮನ್ಯಾಗ ದಿನಾ ಮಾಡ್ತೀನ್ರಿ ಅಣ್ಣಾರ. ಅದಕ್ಕ ಇಲ್ಲೀತನಕ ಯಾಕ ಬರಬೇಕಾಗಿತ್ತು?"

ಗಲ್ಲಿಯ ಗದ್ದಲ, ಕೆಳಗೆ ಯಾರೋ ಕಬ್ಬಿಣ ಬಡಿಯುವ ಸದ್ದು, ಒಲೆಕಟ್ಟೆಯ ಮೇಲಿಂದ ಕದ್ದು ಸರಿಯುತ್ತಿದ್ದ ಬಿಸಿಲು, ಎಲ್ಲವೂ ಆ ಮಾತಿನ ಸುತ್ತ ನಿಂತುಬಿಟ್ಟವು. ಹಳೆಯ ಬಾಗಿಲಿಗೆ ಹಳೆಯ ಚೌಕಟ್ಟೇ ಬೇಕೆಂದು ಯಾರು ಹೇಳಿದರು? ಎಂದೋ ಕಿತ್ತುಬಂದ ಚೌಕಟ್ಟಿನಿಂದ ಆಚೆಗೆ ಒಂದು ದಿನದ ಮಟ್ಟಿಗೆ ಬೇರೆಲ್ಲಾದರೂ ನಿಂತು ನೋಡಬೇಕೆಂದು ಅದಕ್ಕೂ ಅನ್ನಿಸಬಾರದೇಕೆ? ಇದನ್ನು ನಾನು ಈಗ ಹೀಗೆ ಚೆಂದವಾಗಿ ಬರೆಯುತ್ತಿದ್ದೇನೆ. ಆಗ ನನ್ನ ತಲೆಯಲ್ಲಿದ್ದದ್ದು ಸಂಜೆಗೆ ಬೀಗ ಹಾಕಲು ಬರುವ ವಾಚ್‌ಮನ್ ಒಬ್ಬನೇ.

ಆಗ ಶಾಂತಾ, ಪಾತ್ರೆಯ ಹಲಗೆಯ ಹತ್ತಿರ ನಿಂತು ತನ್ನ ಎರಡು ಸಾಲು ಬಾಯಿಪಾಠ ಮಾಡುತ್ತಿದ್ದವಳು, ಸಾನಿಕಾಳ ಕಡೆಗೆ ತಿರುಗಿದಳು. "ನನ್ನ ಪಾರ್ಟ್ ಆಕೀಗಿ ಕೊಡವಾ. ಆಕೀದು ನಾ ಮಾಡ್ತೀನಿ."

ಬ್ಯಾಡ ಎಂಬ ಮಾತು ನನ್ನ ಬಾಯಿಂದ ಎಷ್ಟು ಜೋರಾಗಿ ಬಂತೆಂದರೆ ಮೂರು ಮಜಲುಗಳೂ ಬ್ಯಾಡ ಎಂದವು. ಎಲ್ಲರೂ ನನ್ನನ್ನೇ ನೋಡಿದರು. ಸಾವರಿಸಿಕೊಂಡು, ಬೇರೆ ದಾರಿಗಳನ್ನು ಒಂದರ ಹಿಂದೆ ಒಂದರಂತೆ ಮುಂದಿಟ್ಟೆ. ಮುಖ ತೋರಿಸದೆ ಬೆನ್ನ ಕಡೆಯಿಂದ ತೆಗೆದರೆ? ಸೆರಗನ್ನು ಹಣೆಯವರೆಗೆ ಎಳೆದುಕೊಂಡರೆ? ಗಂಡ ಸತ್ತಿಲ್ಲ, ಊರಿಗೆ ಹೋಗಿದ್ದಾನೆ ಎಂದು ಕತೆಯನ್ನೇ ತುಸು ತಿರುಗಿಸಿದರೆ? ನನ್ನ ಇಡೀ ಕಸುಬಿನಲ್ಲಿ ಇಷ್ಟು ಕೆಳಗಿಳಿದು ನಾನು ಚೌಕಾಶಿ ಮಾಡಿದ್ದಿಲ್ಲ. ಶಾಂತಾ ಎಲ್ಲವನ್ನೂ ಕೇಳಿಸಿಕೊಂಡಳು. ತರಕಾರಿಯವನ ಕೊನೆಯ ಬೆಲೆಗಾಗಿ ಕಾಯುವಾಗ ಆಕೆಯ ಮುಖದಲ್ಲಿರುವ ತಾಳ್ಮೆಯೇ ಅಲ್ಲಿಯೂ ಇತ್ತು.

"ಬರೇ ನಟನೆ ಅಂತ ಎಲ್ಲಾರಿಗೂ ನೀವ ಹೇಳಿದ್ರಿ. ನಾ ಒಳಗ ಚಹಾ ಮಾಡಕೋತ ಕೇಳೇನಿ." ಹೀಗೆಂದು ಆಕೆ ಗೋಡೆಗನ್ನಡಿಯ ಮುಂದೆ ನಿಂತು, ಹಣೆಯ ಟಿಕಳಿಯನ್ನು ಉಗುರಿನಿಂದ ಬಿಡಿಸಿ, ಹೆಂಗಸರೆಲ್ಲ ಮಾಡುವಂತೆ ಅದನ್ನು ಕನ್ನಡಿಯ ಮೂಲೆಗೆ ಅಂಟಿಸಿದಳು. ಬಳೆಗಳನ್ನು ತೆಗೆದು ಸಾನಿಕಾಳ ಕೈಗೆ ಕೊಟ್ಟಳು. ತಾಳಿಯನ್ನು ಒಳಗೆ ಸೇರಿಸಿದಳು. ಟಿಕಳಿಯಿದ್ದ ಜಾಗದಲ್ಲಿ ಎಷ್ಟೋ ವರ್ಷದ ಬಿಸಿಲು ಕಾಣದ ಒಂದು ಬಿಳಿಯ ಚುಕ್ಕೆ ಉಳಿದಿತ್ತು. ಗೆಳತಿ ಅದಕ್ಕೆ ಪೌಡರು ಹಚ್ಚಲು ಹೋದಾಗ ಸಾನಿಕಾ ಬೇಡವೆಂದು ಕೈಸನ್ನೆ ಮಾಡಿದಳು.

ನಾನು ಗ್ಯಾಲರಿಗೆ ಬಂದು ನಿಂತೆ. ನಿಂತೆ ಎಂದರೆ ಸುಳ್ಳು. ಆ ಕೊನೆಯಿಂದ ಈ ಕೊನೆಗೆ ನಡೆದೆ, ನನ್ನವೇ ಆದ ಬಾಗಿಲುಗಳನ್ನು ಸುಮ್ಮನೆ ತಟ್ಟಿ ನೋಡಿದೆ, ಒಂದರ ಸದ್ದೂ ಕಿವಿಗೆ ಹತ್ತಲಿಲ್ಲ. ಎದೆಯ ಎಡಮಗ್ಗುಲಲ್ಲಿ ಏನೋ ಚುಚ್ಚಿದಂತಾಯಿತು, ಬೆಳಿಗ್ಗೆ ತಿಂದ ಖಾರದ ಮಿಸಳ್ ಇರಬಹುದೆಂದು ಸಮಾಧಾನ ಮಾಡಿಕೊಂಡೆ. ಕೆಳಗೆ ರಸ್ತೆಯಾಚೆಗೆ ನೀರಿನ ಬಾಟಲಿ ಸಿಗುತ್ತಿತ್ತು. ಬಾಯಾರಿದ್ದರೂ ಆ ದಿನ ನಾನು ರಸ್ತೆ ದಾಟಲಿಲ್ಲ. ಕಮಲಕ್ಕನ ವಿಚಾರವಂತ ಯಜಮಾನರ ಪೇಪರಿನ ಹಿಂದಿನ ಮುಖ ಹೇಗಿದ್ದಿರಬಹುದೆಂದು ಮೊದಲ ಬಾರಿಗೆ ಕಣ್ಣಿಗೆ ಕಟ್ಟಿತು. ನೀವೇನಾದರೂ ಎಂದಾದರೂ ಇಂಥ ಕೆಲಸಕ್ಕೆ ಕೈಹಾಕಿದರೆ ನನ್ನ ಸಲಹೆ ಇದು: ಬೇರೆಯವರ ಹೆಂಡತಿಗೆ ಧೈರ್ಯ ಹೇಳುವ ಮುನ್ನ ಆ ಮಾತನ್ನು ಒಮ್ಮೆ ಮನೆಯಲ್ಲಿ ಹೇಳಿ ನೋಡಿ.

ಕಿಟಕಿಯ ಸಂದಿಯಿಂದ ನೋಡಬಾರದೆಂದುಕೊಂಡೇ ನೋಡಿದೆ. ಶಾಂತಾ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದಳು, ಮುಚ್ಚುತ್ತಿದ್ದಳು. ಕತೆಯ ಪ್ರಕಾರ ಆಕೆ ಕೊನೆಗೆ ಅಕ್ಕಿ ತೊಳೆಯಬೇಕು. ಬದಲಿಗೆ ಆಕೆ ಡಬ್ಬಿಯೊಂದರಿಂದ ಚುರಮುರಿ ತೆಗೆದು, ನೀರಿನಲ್ಲಿ ತೋಯಿಸಿ ಹಿಂಡಿ, ಮೇಲೆ ಮೊಸರು ಸುರಿದು, ಬೆಲ್ಲ ಕೆರೆದು ಹಾಕಿ, ನಿಂತಲ್ಲೇ ಬೆರಳಿನಿಂದ ತಿನ್ನತೊಡಗಿದಳು. ಆಕೆ ಅದನ್ನು ತಿಂದದ್ದನ್ನು ನಮ್ಮ ಮನೆಯಲ್ಲಿ ನಾನೆಂದೂ ಕಂಡಿರಲಿಲ್ಲ. ನಟನೆಯೋ ನೆನಪೋ ಗೊತ್ತಾಗಲಿಲ್ಲ.

ಸುಶೀಲಾಬಾಯಿಯ ನಟನೆಯ ಬಗ್ಗೆ ನಿಜವನ್ನೇ ಹೇಳಬೇಕು: ಬಹಳ ಕೆಟ್ಟದಾಗಿತ್ತು. ದುಃಖದಲ್ಲಿರುವ ನೆರೆಯವಳನ್ನು ಸಂತೈಸಲು ಬಂದವಳು ಬಾಗಿಲಲ್ಲೇ ಬೆಳಗಿಬಿಡುತ್ತಿದ್ದಳು. ಏನಾರ ಉಣ್ಣು, ಹಂಗ ಕುಂದರಬ್ಯಾಡ ಎನ್ನುವ ಮಾತಿಗೆ ಬಳೆ ಕುಲುಕುತ್ತಿದ್ದಳು, ಕ್ಯಾಮೆರಾ ನೋಡುತ್ತಿದ್ದಳು, ಕನ್ನಡಿ ನೋಡುತ್ತಿದ್ದಳು, ಮತ್ತೆ ಕ್ಯಾಮೆರಾ ನೋಡುತ್ತಿದ್ದಳು. ನಗಬೇಡಿ ಆಂಟಿ ಎಂದು ಸಾನಿಕಾ ಕೈಮುಗಿದು ಬೇಡಿದರೆ ಇಲ್ಲವಾ ನಗಂಗಿಲ್ಲ ಎಂದು ನಗುತ್ತಲೇ ಮಾತು ಕೊಟ್ಟಳು. ಮತ್ತೆ ಮತ್ತೆ ತೆಗೆದರು, ಮತ್ತೆ ಮತ್ತೆ ನಕ್ಕಳು. ಕಡೆಗೆ ಸಾನಿಕಾ ಸೋತು, ಆಯ್ತು, ಈ ನೆರೆಯವಳು ನಗುತ್ತಾಳೆ, ಹಾಗೇ ಇರಲಿ ಎಂದು ಬಿಟ್ಟುಬಿಟ್ಟಳು. ಆಮೇಲೆ ಅದನ್ನು ಪರದೆಯ ಮೇಲೆ ಕಂಡಾಗ, ಒಬ್ಬಳು ಬರಿಯ ಹಣೆಯಲ್ಲಿ ಮೊಸರು ನೆಕ್ಕುತ್ತ ನಿಂತು, ಇನ್ನೊಬ್ಬಳು ತುಂಬಿದ ಹಣೆಯಲ್ಲಿ ಕಾರಣವಿಲ್ಲದೆ ನಗುತ್ತ ನಿಂತ ಆ ದೃಶ್ಯದಲ್ಲಿ, ಯಾರು ಯಾರನ್ನು ಸಂತೈಸುತ್ತಿದ್ದಾರೆಂದು ನನಗೆ ತಿಳಿಯಲೇ ಇಲ್ಲ.

ವಾಚ್‌ಮನ್ ಬಂದು ಬೀಗ ಕುಲುಕುವ ಹೊತ್ತಿಗೆ ಕೆಲಸ ಮುಗಿಯಿತು. ಎಲ್ಲರೂ ಗಡಿಬಿಡಿಯಲ್ಲಿ ಸಾಮಾನು ಕಟ್ಟಿದೆವು; ಸಾನಿಕಾ ಮಾಮಿಯ ಬಳೆಗಳನ್ನು ತನ್ನ ಚೀಲದಲ್ಲೇ ಹಾಕಿಕೊಂಡು ಗೋರೆಗಾಂವಿನ ಕಡೆ ಹೊರಟುಹೋದಳು. ಬೈಕುಲ್ಲಾ ಸ್ಟೇಷನ್ನಿನ ಸೇತುವೆ ಏರುವಾಗ ನಾನು ಶಾಂತಾಳ ಮುಖ ನೋಡಿ ನಿಂತೆ. ಟಿಕಳಿ ಆ ಖೋಲಿಯ ಕನ್ನಡಿಯಲ್ಲೇ ಉಳಿದಿತ್ತು. ತಿರುಗಿ ಹೋಗಿ ಬೀಗ ತೆಗೆಸೋಣವೆಂದೆ. ಅಷ್ಟರಲ್ಲಿ ಗಾಡಿ ಬಂತು, ಮನೀಗೆ ಹೋಗಿ ಹಚಗೋತೀನಿ ನಡೀರಿ ಎಂದವಳೇ ಸುಶೀಲಾಬಾಯಿಯ ಕೈಹಿಡಿದುಕೊಂಡು ಹೆಂಗಸರ ಡಬ್ಬಿ ಹತ್ತಿದಳು. ನಾನು ಪಕ್ಕದ ಡಬ್ಬಿಗೆ ನುಗ್ಗಿ, ಎರಡರ ನಡುವಿನ ಕಬ್ಬಿಣದ ಜಾಳಿಗೆಯ ಹತ್ತಿರ ಜಾಗ ಮಾಡಿಕೊಂಡೆ.

ಜಾಳಿಗೆಯ ಆಚೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ದಾದರ್ ದಾಟಿದ ಮೇಲೆ ಕ್ಲಿಪ್ಪು, ಟಿಕಳಿ, ಕಿವಿಯೋಲೆಗಳ ಹಾಳೆಗಳನ್ನು ಕೊರಳಿಗೆ ತೂಗುಹಾಕಿಕೊಂಡ ಒಬ್ಬಾಕೆ ಸಾಲಿನಿಂದ ಸಾಲಿಗೆ ಬಂದಳು. ಸುಶೀಲಾಬಾಯಿಯ ಮುಂದೆ ನಿಂತು, ಘ್ಯಾ ತಾಈ, ಕೊಳ್ಳಿ ಅಕ್ಕಾ, ನವೀನ್ ಡಿಜಾಯಿನ್ ಎಂದು ಟಿಕಳಿಯ ಹಾಳೆಗಳನ್ನು ಬಿಡಿಸಿ ತೋರಿಸಿದಳು. ಆಮೇಲೆ ಶಾಂತಾಳ ಮುಖ ನೋಡಿದಳು. ಹಣೆ ನೋಡಿದಳು, ಬರಿಯ ಕೈ ನೋಡಿದಳು. ಹಾಳೆಯನ್ನು ಮೆಲ್ಲಗೆ ಮಡಚಿ, ತುಸು ಮರ್ಯಾದೆಯಿಂದಲೇ, ಆಕೆಯನ್ನು ದಾಟಿ ಮುಂದಿನ ಸಾಲಿಗೆ ಹೋದಳು.

ನಾನು ಜಾಳಿಗೆಗೆ ಮುಖವಿಟ್ಟು ಓಯ್ ಬಾಯಿ ಎಂದು ಕೂಗಿದೆ. ಗಾಡಿಯ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಇಲ್ಲಿದ್ದೇನೆ, ಬದುಕಿದ್ದೇನೆ ಎಂದು ಯಾರಿಗೆ ಹೇಳುವುದು, ಹೇಗೆ ಹೇಳುವುದು? ನನ್ನ ಪಕ್ಕದವನು ಕಾಲು ಮುದುರಿಕೊಂಡು ನನ್ನನ್ನೇ ನೋಡುತ್ತಿದ್ದ.

ಸುಶೀಲಾಬಾಯಿ ಆ ಮಾರುವವಳ ಸೆರಗು ಹಿಡಿದು ಜಗ್ಗಿದಳು. ತಿರುಗಿ ಬಂದವಳ ಜೊತೆ ಏನೇನೋ ಚೌಕಾಶಿ ನಡೆಸಿದಳು, ಬೇಡವೆಂಬಂತೆ ಮುಖ ತಿರುಗಿಸಿದಳು, ಮತ್ತೆ ಕರೆದಳು. ಒಂದು ಹಾಳೆ ಕೊಂಡಳು. ಅದರಿಂದ ಒಂದು ಕೆಂಪು ಟಿಕಳಿ ಬಿಡಿಸಿ ಬೆರಳ ತುದಿಯ ಮೇಲಿಟ್ಟುಕೊಂಡು ಶಾಂತಾಳ ಕಡೆಗೆ ತಿರುಗಿದಳು. ಒಂದು ಕ್ಷಣ ಆ ಕೈ ಗಾಳಿಯಲ್ಲೇ ನಿಂತಿತು. ಅದು ಯಾಕೆ ನಿಂತಿತೆಂದು ನನಗೂ ಗೊತ್ತು, ಶಾಂತಾಳಿಗೂ ಗೊತ್ತು. ನಮ್ಮ ಕಡೆ ಯಾವ ಮನೆಯ ಅರಿಶಿನ ಕುಂಕುಮಕ್ಕೂ ಆ ಕೈಯನ್ನು ಕರೆಯುವುದಿಲ್ಲ. ನಾನು ಸೀಟಿನಿಂದ ಅರ್ಧ ಎದ್ದಿದ್ದೆ. ತಡೆಯಲೆಂದೋ ಮತ್ತೇತಕ್ಕೋ, ಈಗಲೂ ಹೇಳಲಾರೆ.

ಶಾಂತಾ ಹಣೆಯನ್ನು ಮುಂದಕ್ಕೆ ಬಾಗಿಸಿದಳು.

ಭಾಂಡುಪಿನಲ್ಲಿ ಇಳಿದೆವು. ಜನಸಂದಣಿಯಲ್ಲಿ ಸುಶೀಲಾಬಾಯಿ ಸೆರಗನ್ನು ತಲೆಯ ಮೇಲಿಂದ ಹುಬ್ಬಿನವರೆಗೆ ಎಳೆದುಕೊಂಡು, ಬರ್ತೀನ್ರಿ ವೈನಿ ಎಂದು ಗುಡ್ಡದ ದಾರಿ ಹಿಡಿದಳು. ಸೆರಗಿನ ಕೆಳಗೆ ಆಕೆ ಕುಂಕುಮ ಅಳಿಸಿಕೊಂಡಿದ್ದಳೋ ಇಲ್ಲವೋ ನನಗೆ ಕಾಣಲಿಲ್ಲ. ಬಳೆಗಳನ್ನು ಮಾತ್ರ ಮೊಣಕೈಯವರೆಗೆ ಏರಿಸಿ ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಮನೆಯ ದಾರಿಯಲ್ಲಿ ನಾನು ಶಾಂತಾಳಿಂದ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದೆ. ಸ್ಟೇಷನ್ನಿನ ಬೆಳಕಿನಲ್ಲಿ ನೋಡಿಕೊಂಡಿದ್ದೆ, ಟಿಕಳಿ ನಡುಮಧ್ಯಕ್ಕಿಂತ ತುಸು ಬಲಕ್ಕೆ ಕೂತಿತ್ತು, ಆ ಬಿಳಿಯ ಚುಕ್ಕೆಯನ್ನು ಪೂರ್ತಿ ಮುಚ್ಚಿರಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ಲ, ಆಕಿ ಕೈಲೆ ಹಚ್ಚಿಸಿಕೊಂಡ್ಯಲ್ಲಾ?"

ಆಕೆ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ.

"ಮತ್ತ ಯಾರ ಕೈಲೆ ಹಚ್ಚಿಸಿಕೊಳ್ಳಬೇಕಾಗಿತ್ರಿ? ನೀವು ಜಾಳಿಗಿ ಆಚಿಗಿದ್ರಿ."